ಶೂನ್ಯ ಟಿಕೆಟ್ಟೂ ಯುರೋಪ್ ಟ್ರಿಪ್ಪೂ

ವಿದೇಶದಲ್ಲಿ ಓದಿ ಬಂದವರಿಗೆ ನಮ್ಮ ನಾಗಸಂದ್ರದಲ್ಲಿ ಎದುರಾಗುವ ಮೊದಲ ಪ್ರಶ್ನೆ ‘ಪ್ಯಾಕೇಜ್ ಎಷ್ಟು?’ ಅದಕ್ಕೆ ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಎರಡನೆಯದು ಬಂದಿರುತ್ತದೆ: ‘ಎಷ್ಟು ದೇಶ ನೋಡ್ದೆ?’ ಜರ್ಮನಿಯ ಆಖೆನ್‌ನಲ್ಲಿ ಎರಡೂವರೆ ವರ್ಷ ಇದ್ದು, ಪ್ರೊಡಕ್ಷನ್ ಎಂಜಿನಿಯರಿಂಗ್‌ನಲ್ಲಿ ಎಂ.ಎಸ್. ಮುಗಿಸಿ, 2025ರ ಬೇಸಿಗೆಯಲ್ಲಿ ನಾನು ಮನೆಗೆ ಬಂದೆ. ಮೊದಲ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ, ಕೆಲಸ ಹುಡುಕುತ್ತಿದ್ದೇನೆ. ಎರಡನೆಯದಕ್ಕೆ ಇದೆ. ಏಳು. ಹಾಗೆಂದ ಕೂಡಲೇ ಕೇಳಿದವರ ಮುಖ ಅರಳುತ್ತದೆ. ‘ಒಳ್ಳೆ ಎಕ್ಸ್‌ಪೋಷರ್ ಆಯ್ತು ಬಿಡು’ ಎನ್ನುತ್ತಾರೆ.

ಅದೇ ಬಾಯಿಂದ ಇನ್ನೊಂದು ಮಾತೂ ಬರುತ್ತದೆ, ಅದು ನಮ್ಮ ಅಮ್ಮನಂಥವರ ಬಗ್ಗೆ. ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವರ ಲೈನಿನ ಹೆಂಗಸರು ಶನಿವಾರ ಸಂಜೆ ಕೆಲಸ ಬಿಟ್ಟು ಸೀದಾ ಬಸ್ ಹತ್ತಿ, ಧರ್ಮಸ್ಥಳವನ್ನೋ ಹೊರನಾಡನ್ನೋ ನೋಡಿಕೊಂಡು ಸೋಮವಾರ ಬೆಳಿಗ್ಗೆ ಮತ್ತೆ ಮಷೀನಿನ ಮುಂದೆ ಕೂತಿರುತ್ತಾರೆ. ಅದಕ್ಕೆ ನಮ್ಮ ಬೀದಿಯ ವಿಮರ್ಶೆ ಇಷ್ಟೇ: ‘ಫ್ರೀ ಅಂತ ಊರೂರು ತಿರುಗ್ತಾರೆ, ಮನೆ ಮಠ ಇಲ್ವಾ ಇವ್ರಿಗೆ?’

ಎರಡು ದಿನದ ರಜೆ, ಗೆಳತಿಯರ ಗುಂಪು, ಸರ್ಕಾರ ಅಗ್ಗ ಮಾಡಿದ ಟಿಕೆಟ್, ಬ್ಯಾಗಿನಲ್ಲಿ ಮನೆಯ ತಿಂಡಿ. ನಾನು ಮಾಡಿದ್ದೂ ಅಮ್ಮ ಮಾಡಿದ್ದೂ ಇದನ್ನೇ. ನನ್ನದು ಎಕ್ಸ್‌ಪೋಷರ್, ಅವರದು ತಿರುಗಾಟ ಆಗಿದ್ದು ಹೇಗೆ?

ನನ್ನದು ಎಷ್ಟು ಅಗ್ಗದ್ದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ ಯುರೋಪಿನ ವಾರಾಂತ್ಯಗಳನ್ನು ನೋಡುವ ತಮ್ಮ ತಂಗಿಯರಿಗೆ ಈ ಲೆಕ್ಕ ಯಾರೂ ಹೇಳುವುದಿಲ್ಲ. 2022ರಲ್ಲಿ ನಾನು ಹೊರಟಾಗ ಜರ್ಮನಿಯ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಿದ್ದ ಮೊತ್ತ 10,332 ಯೂರೊ. ಈಗ ಅದು 11,904 ಆಗಿದೆ. ಆ ಹಣ ನಮ್ಮದೇ ಆದರೂ ಒಟ್ಟಿಗೆ ಕೈಗೆ ಸಿಗದು, ತಿಂಗಳಿಗೆ ಹನ್ನೆರಡರಲ್ಲಿ ಒಂದು ಪಾಲು, ಅಂದರೆ ನನ್ನ ಕಾಲಕ್ಕೆ 861 ಯೂರೊ ಮಾತ್ರ ಬಿಡುಗಡೆಯಾಗುತ್ತಿತ್ತು. ಅದರಲ್ಲಿ ರೂಮಿನ ಬಾಡಿಗೆ, ಆರೋಗ್ಯ ವಿಮೆ, ಅಕ್ಕಿ ಬೇಳೆ, ಫೋನು. ಅಪ್ಪ ಹೆಸರಘಟ್ಟ ರಸ್ತೆಯ ಪಕ್ಕದ ನಮ್ಮ ಇಪ್ಪತ್ತು ಮೂವತ್ತರ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟು ತಂದ ಸಾಲ ಅದು. ಅದರಲ್ಲಿ ಪ್ಯಾರಿಸ್ ನೋಡುವ ಧೈರ್ಯ ನನಗಂತೂ ಇರಲಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡೆ: ಸಾಲದ ದುಡ್ಡು ಊಟ ಬಾಡಿಗೆಗೆ, ಸುತ್ತಾಟ ಏನಿದ್ದರೂ ಪಾರ್ಟ್‌ಟೈಮ್ ಕೆಲಸದ ದುಡ್ಡಿನಲ್ಲಿ. ಗೋದಾಮಿನಲ್ಲಿ ಪೆಟ್ಟಿಗೆ ಜೋಡಿಸುವ ಕೆಲಸ. ಗಂಟೆಗೆ ಕನಿಷ್ಠ ವೇತನ ಆಗ 12 ಯೂರೊ.

ಸುತ್ತಲು ಸಾಧ್ಯವಾದದ್ದು ಆ ಸಂಬಳಕ್ಕಿಂತ ಹೆಚ್ಚಾಗಿ ಟಿಕೆಟ್ಟಿನಿಂದ. ಆಖೆನ್ ಇರುವುದು ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲಿ. ಪ್ರತಿ ಸೆಮಿಸ್ಟರಿಗೆ ಕಟ್ಟುವ ಶುಲ್ಕದಲ್ಲೇ ಇಡೀ ರಾಜ್ಯದ ಬಸ್ಸು, ಟ್ರಾಮು, ಸ್ಥಳೀಯ ರೈಲುಗಳ ಪಾಸು ಸೇರಿತ್ತು. ಸುಮಾರು ಒಂದು ಗಂಟೆಯ ದಾರಿ ಕಲೋನ್. 1248ರಲ್ಲಿ ಕಟ್ಟಲು ಶುರುಮಾಡಿ 1880ರಲ್ಲಿ ಮುಗಿಸಿದ ಅಲ್ಲಿನ ಕೆಥೆಡ್ರಲ್‌ನ 533 ಮೆಟ್ಟಿಲು ಹತ್ತಿದ ದಿನ ನಾನು ಪ್ರಯಾಣಕ್ಕೆಂದು ಒಂದು ಸೆಂಟ್ ಕೊಟ್ಟಿರಲಿಲ್ಲ. 2023ರ ಮೇ 1ರಂದು ತಿಂಗಳಿಗೆ 49 ಯೂರೊದ ಡಾಯ್ಚ್‌ಲಾಂಡ್ ಟಿಕೆಟ್ ಬಂತು. ವೇಗದ ದೂರದ ರೈಲುಗಳನ್ನು ಬಿಟ್ಟು ದೇಶದ ಉಳಿದೆಲ್ಲ ಬಸ್ಸು, ರೈಲು, ಮೆಟ್ರೊಗಳಿಗೂ ಅದೊಂದೇ. 2024ರಲ್ಲಿ ವಿದ್ಯಾರ್ಥಿಗಳಿಗೆ ಅದು 29.40 ಯೂರೊಗೆ ಸಿಗುವಂತಾಯಿತು.

ಆಖೆನ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಊರಿನ ಅಂಚಿನಲ್ಲಿ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮೂರೂ ಕೂಡುವ ಜಾಗವಿದೆ. ಒಂದು ಕಂಬ ನೆಟ್ಟಿದ್ದಾರೆ, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರೆ ಮೂರು ದೇಶ ಮುಗಿಯಿತು. ನನ್ನ ‘ಏಳು ದೇಶ’ದ ಮರ್ಮ ಇಲ್ಲಿಂದಲೇ ಶುರು. ಆ ಗುಡ್ಡದ ಎತ್ತರ 322 ಮೀಟರ್, ನೆದರ್ಲೆಂಡ್ಸ್‌ನ ಮುಖ್ಯ ಭೂಭಾಗದಲ್ಲಿ ಅದೇ ಅತಿ ಎತ್ತರದ ಜಾಗವಂತೆ. ಡಚ್ಚರು ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತಾ ಬಂದು ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ನಾಗಸಂದ್ರ ಇರುವುದೇ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿ ನಿಂತು ಯಾರೂ ಫೋಟೊ ತೆಗೆಸಿಕೊಂಡಿದ್ದು ನೋಡಿಲ್ಲ. ಹಾಗೆ ನೋಡಿದರೆ 2022ರ ಜೂನ್‌ನಲ್ಲಿ ಐಕಿಯಾ ತೆರೆದ ಮೇಲೆ ಇಡೀ ಬೆಂಗಳೂರೇ ವಾರಾಂತ್ಯಕ್ಕೆ ನಮ್ಮೂರಿಗೆ ಟ್ರಿಪ್ ಬರುತ್ತಿದೆ. ಸೋಫಾ ನೋಡಲು.

ನಾವು ಐದು ಜನರ ಗುಂಪು. ಧಾರವಾಡದ ಒಬ್ಬಳು, ರಾಯಚೂರಿನ ಒಬ್ಬ, ಇಂದೋರಿನ ಇಬ್ಬರು, ನಾನು. ಮೊದಮೊದಲು ರಾಯಚೂರಿನವನು ಪ್ರತಿ ಟ್ರಿಪ್ಪಿಗೂ ‘ಅಸೈನ್‌ಮೆಂಟ್ ಐತಿ’ ಎಂದು ತಪ್ಪಿಸಿಕೊಳ್ಳುತ್ತಿದ್ದ. ಮೂರನೇ ಸಲ ನೇರವಾಗಿ ಹೇಳಿದ: ‘ನನ್ನ ಹತ್ರ ತಿಂಗಳಿಗೆ ಮೂವತ್ತು ಯೂರೊ ಉಳಿತೈತಿ. ಅದರಾಗ ಆಗೂದಾದ್ರ ಕರೀರಿ, ಇಲ್ಲಂದ್ರ ಬ್ಯಾಡ.’ ಅಂದಿನಿಂದ ಗುಂಪಿನ ಲೆಕ್ಕವೇ ಬದಲಾಯಿತು. ಊರು ಆರಿಸುವ ಅಧಿಕಾರ ಅತಿ ಕಡಿಮೆ ದುಡ್ಡಿರುವವನದು. ಪಾಸು ನಡೆಯುವ ಊರುಗಳೇ ಮೊದಲು, ರಾತ್ರಿ ಉಳಿಯುವುದಿದ್ದರೆ ತಿಂಗಳಿಗೊಮ್ಮೆ ಮಾತ್ರ, ಊಟ ಮನೆಯಿಂದ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳಿಗೆ ಬಾಗಿಲು, ಹಾಗಾಗಿ ಶನಿವಾರವೇ ಚಪಾತಿ ಪಲ್ಯ, ಚಿತ್ರಾನ್ನ ಕಟ್ಟಿಕೊಳ್ಳಬೇಕು. ಖಾಲಿ ನೀರಿನ ಬಾಟಲಿಯನ್ನು ಅಲ್ಲಿ ಅಂಗಡಿಗೆ ವಾಪಸು ಕೊಟ್ಟರೆ 25 ಸೆಂಟ್ ಸಿಗುತ್ತದೆ. ನಮ್ಮ ಗುಂಪಿನಲ್ಲಿ ಬಾಟಲಿ ಹೊರುವ ಸರದಿಯೇ ಇತ್ತು.

ವಿದೇಶಕ್ಕೆ ಹೊರಟಿರುವವರು ಗಮನಿಸಬೇಕಾದ ಮಾತಿದು. ಗುಂಪಿನಲ್ಲಿ ‘ಬರಲ್ಲ’ ಎನ್ನುವುದು ಸಾಲ ಮಾಡಿ ಬಂದ ಮಕ್ಕಳಿಗೆ ಬಹಳ ಕಷ್ಟ. ಕ್ರೆಡಿಟ್ ಕಾರ್ಡ್ ತೆಗೆದು ಹೋಗಿಬಂದು, ಆಮೇಲೆ ಎರಡು ತಿಂಗಳು ಬ್ರೆಡ್ ತಿಂದವರನ್ನು ನೋಡಿದ್ದೇನೆ. ಮೂವತ್ತು ಯೂರೊ ಎಂದು ಮೊದಲೇ ಹೇಳಿದ ಆ ಹುಡುಗನಿಂದ ನಮಗೆಲ್ಲ ಉಪಕಾರವೇ ಆಯಿತು. ಹಾಗೆ ನೋಡಿದರೆ ಅವನ ಹೊರತು ಉಳಿದ ನಾಲ್ವರಲ್ಲೂ ದುಡ್ಡೇನೂ ಕೊಳೆಯುತ್ತಿರಲಿಲ್ಲ, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ.

ಪ್ಯಾರಿಸ್‌ಗೂ ಹೋದೆವು. ರಾತ್ರಿ ಬಸ್ಸು, ಹಾಸ್ಟೆಲಿನಲ್ಲಿ ಎಂಟು ಮಂಚದ ಕೋಣೆಯಲ್ಲಿ ಒಂದು ಮಂಚ, ಎಲ್ಲ ಸೇರಿ ನನಗೆ ತಗಲಿದ್ದು 110 ಯೂರೊ. ಲೂವ್ರ್ ಮ್ಯೂಸಿಯಂಗೆ ಟಿಕೆಟ್ ಇಲ್ಲ. ಯುರೋಪಿನ ಆರ್ಥಿಕ ವಲಯದಲ್ಲಿ ವಾಸವಿರುವ 26 ವರ್ಷದೊಳಗಿನವರಿಗೆ ಅಲ್ಲಿ ಉಚಿತ ಪ್ರವೇಶ. ಅದಕ್ಕೆ ಅಲ್ಲಿನ ಪ್ರಜೆಯೇ ಆಗಿರಬೇಕಿಲ್ಲ, ಜರ್ಮನಿಯ ನಿವಾಸ ಪರವಾನಗಿ ಕಾರ್ಡ್ ತೋರಿಸಿದರೆ ಸಾಕು. ಇದು ಗೊತ್ತಿಲ್ಲದೆ ದುಡ್ಡು ಕೊಟ್ಟು ಒಳಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಎಷ್ಟೋ. 110 ಯೂರೊ ಅಂದರೆ ಆಗ ಹತ್ತು ಸಾವಿರ ರೂಪಾಯಿ. ಅಮ್ಮನ ತಿಂಗಳ ಸಂಬಳ ಹನ್ನೆರಡು ಸಾವಿರ ಚಿಲ್ಲರೆ. ಫೋನಿನಲ್ಲಿ ಮೊತ್ತ ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, ‘ನೀನು ದುಡಿದಿದ್ದೇ ತಾನೆ? ಬಿಡು. ಆ ಗೋಪುರ ಹತ್ತಿದ್ಯಾ?’ ಎಂದರು. ಐಫೆಲ್ ಹತ್ತಿರಲಿಲ್ಲ, ಅದಕ್ಕೆ ದುಡ್ಡು ಕೊಡಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಕ್ಸೆಂಬರ್ಗ್. 2020ರ ಫೆಬ್ರುವರಿ 29ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲ ಉಚಿತ. ಅಲ್ಲಿಯವರಿಗಷ್ಟೇ ಅಲ್ಲ, ಬಂದವರಿಗೂ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು. ನಾವು ಹೋಗಿದ್ದು ಷೆಂಗೆನ್ ನೋಡಲು. ವೀಸಾ ಅರ್ಜಿ ಹಿಡಿದು ಓಡಾಡುವ ಪ್ರತಿಯೊಬ್ಬ ಭಾರತೀಯನ ಬಾಯಲ್ಲಿರುವ ಆ ಹೆಸರು ನಿಜಕ್ಕೂ ಒಂದು ಪುಟ್ಟ ಹಳ್ಳಿಯದು. ಮೊಸೆಲ್ ನದಿಯ ದಡ, ಸುತ್ತ ದ್ರಾಕ್ಷಿ ತೋಟ, ನದಿಯಾಚೆ ಜರ್ಮನಿ, ಸ್ವಲ್ಪ ನಡೆದರೆ ಫ್ರಾನ್ಸ್. 1985ರ ಜೂನ್ 14ರಂದು ಐದು ದೇಶಗಳು ಅಲ್ಲಿ ನದಿಯ ಮೇಲಿನ ಹಡಗೊಂದರಲ್ಲಿ ಕೂತು, ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಇವತ್ತು ಆ ವ್ಯವಸ್ಥೆಯಲ್ಲಿ 29 ದೇಶಗಳಿವೆ. ಆ ನದಿಯ ದಡದಲ್ಲಿ ಕೂತು ಚಿತ್ರಾನ್ನ ತಿನ್ನುತ್ತಾ ಧಾರವಾಡದವಳು ‘ಇಷ್ಟ ಸಣ್ಣ ಊರಿಗೆ ನಾವು ಎಷ್ಟ ಅಂಜಿದ್ವಿ ನೋಡ’ ಎಂದಳು.

ಈಗ ಅಮ್ಮನ ಕಡೆಗೆ ಬರುತ್ತೇನೆ. ಜರ್ಮನಿಯಲ್ಲಿ 49 ಯೂರೊ ಟಿಕೆಟ್ ಶುರುವಾಗಿ ಆರು ವಾರಕ್ಕೆ, 2023ರ ಜೂನ್ 11ರಂದು, ಕರ್ನಾಟಕದಲ್ಲಿ ಶಕ್ತಿ ಯೋಜನೆ ಜಾರಿಯಾಯಿತು. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶೂನ್ಯ ಟಿಕೆಟ್. ರಾಜಹಂಸ, ಐರಾವತ, ಸ್ಲೀಪರ್‌ಗಳಿಗೆ ಇಲ್ಲ. ನಮ್ಮ ಅಮ್ಮ ಮಧುಗಿರಿ ತಾಲ್ಲೂಕಿನವರು. ಮದುವೆಯಾಗಿ ನಾಗಸಂದ್ರಕ್ಕೆ ಬಂದ ಮೇಲೆ ಅವರು ನೋಡಿದ ಊರುಗಳೆಂದರೆ ತವರು, ನಂಟರ ಮದುವೆ ನಡೆದ ಊರು, ಯಾರಾದರೂ ತೀರಿಕೊಂಡ ಊರು. ಇಪ್ಪತ್ತೈದು ವರ್ಷ ತುಮಕೂರು ರಸ್ತೆಯ ಪಕ್ಕದಲ್ಲೇ ಇದ್ದರು. ಅರ್ಧ ಕರ್ನಾಟಕಕ್ಕೆ ಹೋಗುವ ಬಸ್ಸುಗಳೆಲ್ಲ ಕಣ್ಣೆದುರೇ ಹಾದುಹೋಗುತ್ತಿದ್ದವು, ಒಂದನ್ನೂ ‘ಸುಮ್ಮನೆ’ ಹತ್ತಿರಲಿಲ್ಲ.

ಆ ವರ್ಷ ಆಗಸ್ಟ್‌ನಲ್ಲಿ ಹತ್ತಿದರು. ಲೈನಿನ ಆರು ಜನ 8ನೇ ಮೈಲಿಯಲ್ಲಿ ಧರ್ಮಸ್ಥಳದ ಬಸ್ ಹಿಡಿದು ಹಾಸನದವರೆಗೂ ನಿಂತುಕೊಂಡೇ ಹೋದರಂತೆ. ಪುಳಿಯೋಗರೆ ಮನೆಯಿಂದ, ಮಧ್ಯಾಹ್ನದ ಊಟ ದೇವಸ್ಥಾನದಲ್ಲಿ. ಬಳೆ, ಎಳನೀರು ಸೇರಿ ಮುನ್ನೂರು ರೂಪಾಯಿ ಖರ್ಚು. ನೇತ್ರಾವತಿಯಲ್ಲಿ ಮೊಣಕಾಲವರೆಗೆ ಇಳಿದು ನಿಂತ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದಾಗ ನಾನು ಕಲೋನ್ ಸ್ಟೇಷನ್ನಿನಲ್ಲಿದ್ದೆ. ಅಮ್ಮ ಹಾಗೆ ನಗುವುದನ್ನು ನಾನು ನೋಡಿದ್ದೇ ಕಡಿಮೆ. ಅದಾದ ಮೇಲೆ ನಮ್ಮಿಬ್ಬರಿಗೂ ಭಾನುವಾರ ರಾತ್ರಿ ಮಾತಾಡಲು ಹೊಸದೊಂದು ವಿಷಯ ಸಿಕ್ಕಿತು. ‘ಅಲ್ಲಿ ಬಸ್‌ಸ್ಟ್ಯಾಂಡಲ್ಲಿ ಟಾಯ್ಲೆಟ್‌ಗೆ ಎಷ್ಟು ಕಣೇ?’ ‘ಒಂದು ಯೂರೊ ಅಮ್ಮ.’ ‘ಅಯ್ಯೋ, ತೊಂಬತ್ತು ರೂಪಾಯಾ! ನಮ್ದೇ ವಾಸಿ.’ ಹಾಗೆ.

ಅಮ್ಮನ ಗುಂಪು ಕೇಳಿಸಿಕೊಂಡ ಮಾತುಗಳು ಅಲ್ಲಿಯವರಿಗೂ ತಪ್ಪಿರಲಿಲ್ಲ ಎಂಬುದು ನನಗೆ ಆಮೇಲೆ ಗೊತ್ತಾಯಿತು. 2022ರ ಜೂನ್‌ನಿಂದ ಆಗಸ್ಟ್‌ವರೆಗೆ ಜರ್ಮನಿ ತಿಂಗಳಿಗೆ 9 ಯೂರೊದ ಟಿಕೆಟ್ ಕೊಟ್ಟಿತ್ತು. ಐದು ಕೋಟಿಗೂ ಹೆಚ್ಚು ಟಿಕೆಟ್ ಮಾರಾಟವಾದವು. ಶ್ರೀಮಂತರ ವಿಹಾರತಾಣವಾದ ಸಿಲ್ಟ್ ದ್ವೀಪಕ್ಕೆ ಹರಕು ಜೀನ್ಸಿನ ಹುಡುಗರು ಗುಂಪು ಗುಂಪಾಗಿ ಬಂದಿಳಿದಾಗ ದೊಡ್ಡ ಗಲಾಟೆಯೇ ಆಯಿತು. ಅದನ್ನು ಮುಂದುವರಿಸಿ ಎಂಬ ಬೇಡಿಕೆ ಬಂದಾಗ ಅಂದಿನ ಹಣಕಾಸು ಸಚಿವ ಕ್ರಿಶ್ಚಿಯನ್ ಲಿಂಡ್ನರ್ ಬಳಸಿದ ಪದವನ್ನು ಕನ್ನಡಕ್ಕೆ ತಂದರೆ ‘ಬಿಟ್ಟಿ ಮನೋಭಾವ’ ಎಂದಾಗುತ್ತದೆ. ಓದಿದಾಗ ನಗು ಬಂತು. ‘ಬಿಟ್ಟಿ ಭಾಗ್ಯ’ ಎಂಬ ಮಾತು ನಮ್ಮಲ್ಲಿ ಎಷ್ಟು ಸವೆದಿದೆ ಎಂಬುದು ನಿಮಗೂ ಗೊತ್ತು.

ನನ್ನ ತಕರಾರು ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ಪ್ರಯಾಣಕ್ಕೆ ‘ಕಾರಣ ಏನು’ ಎಂದು ನಾವು ಯಾರನ್ನು ಕೇಳುತ್ತೇವೆ, ಯಾರನ್ನು ಕೇಳುವುದಿಲ್ಲ ಎಂಬುದರ ಬಗ್ಗೆ. ಕಾರಿನಲ್ಲಿ ಸಕಲೇಶಪುರಕ್ಕೆ ಹೋದವರನ್ನು ಯಾರೂ ಕೇಳುವುದಿಲ್ಲ. ಪ್ಯಾರಿಸ್‌ಗೆ ಹೋದ ನನ್ನನ್ನು ಕೇಳಲಿಲ್ಲ. ನನ್ನ ಸೆಮಿಸ್ಟರ್ ಪಾಸಿಗೂ ಡಾಯ್ಚ್‌ಲಾಂಡ್ ಟಿಕೆಟ್ಟಿಗೂ ಜರ್ಮನಿಯ ತೆರಿಗೆದಾರರ ದುಡ್ಡು ಸೇರಿದೆ. ಆ ಟಿಕೆಟ್ಟಿಗೆ ಅಲ್ಲಿನ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವರ್ಷಕ್ಕೆ ಒಟ್ಟು 300 ಕೋಟಿ ಯೂರೊ ತುಂಬಿಕೊಡುತ್ತವೆ. ಲೆಕ್ಕ ಹಾಕಿದರೆ ನಾನೂ ಪರರ ದುಡ್ಡಿನಲ್ಲೇ ಸುತ್ತಿದ್ದು. ದಿನಕ್ಕೆ ಎಂಟು ಗಂಟೆ ಷರ್ಟಿನ ಕಾಲರ್ ಹೊಲಿದು, ಪಿ.ಎಫ್., ಇ.ಎಸ್.ಐ. ಕಟ್ಟಿ, ಅಂಗಡಿಯಲ್ಲಿ ಸೋಪಿಗೂ ಜಿ.ಎಸ್.ಟಿ. ಕೊಟ್ಟು ಬದುಕುವ ಹೆಂಗಸು ಹೊರನಾಡಿಗೆ ಹೋದರೆ ಮಾತ್ರ ಲೆಕ್ಕ ಶುರುವಾಗುತ್ತದೆ.

ಶಕ್ತಿಯಲ್ಲಿ ತೊಂದರೆಗಳಿಲ್ಲವೆಂದಲ್ಲ. 2025ರ ಜುಲೈ ಹೊತ್ತಿಗೆ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು. ಜನ ಏರಿದ ವೇಗದಲ್ಲಿ ಬಸ್ಸುಗಳು ಏರಲಿಲ್ಲ. ದಾಬಸ್‌ಪೇಟೆಯಿಂದ ತುಮಕೂರಿನ ಕಾಲೇಜಿಗೆ ಹೋಗುವ ನನ್ನ ಚಿಕ್ಕಮ್ಮನ ಮಗ ಬೆಳಿಗ್ಗೆ ಬಾಗಿಲಲ್ಲಿ ನೇತಾಡುತ್ತಾನೆ. ಅವನ ಸಿಟ್ಟು ನಿಜ. 2025ರ ಜನವರಿ 5ರಿಂದ ಸರ್ಕಾರಿ ಬಸ್ ದರ ಶೇ 15ರಷ್ಟು ಏರಿತು. ಮರುತಿಂಗಳು ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಇವೆಲ್ಲ ಬಿದ್ದಿದ್ದು ನಾಗಸಂದ್ರದ ರೂಮುಗಳಲ್ಲಿ ನಾಲ್ಕು ನಾಲ್ಕು ಜನ ಇರುವ ಐ.ಟಿ.ಐ., ಡಿಪ್ಲೊಮಾ ಹುಡುಗರ ಮೇಲೆ, ಅಪ್ರೆಂಟಿಸ್ ಸ್ಟೈಪೆಂಡಿನಲ್ಲಿ ದಿನ ದೂಡುವವರ ಮೇಲೆ. ಹಾಗೆಯೇ ಪೀಣ್ಯದ ಹಾಸ್ಟೆಲುಗಳಲ್ಲಿರುವ ಒಡಿಶಾ, ಜಾರ್ಖಂಡ್‌ನ ಹುಡುಗಿಯರಿಗೂ ಶೂನ್ಯ ಟಿಕೆಟ್ ಇಲ್ಲ, ಏಕೆಂದರೆ ಅವರ ಆಧಾರ್‌ನಲ್ಲಿ ಕರ್ನಾಟಕದ ವಿಳಾಸವಿಲ್ಲ. ಅಮ್ಮನ ಪಕ್ಕದ ಮಷೀನಿನವಳು ಅಂಥವಳೇ. ಒಂದೇ ಲೈನು, ಒಂದೇ ಷರ್ಟು. ಅವಳು ಧರ್ಮಸ್ಥಳಕ್ಕೆ ಬರಲಿಲ್ಲ. ನಾನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಜರ್ಮನಿಯವರ ದರದಲ್ಲಿ ಜರ್ಮನಿ ಸುತ್ತಿದೆ. ಅಲ್ಲಿನದು ದುಡ್ಡು ಕೊಟ್ಟು ಕೊಳ್ಳುವ ಟಿಕೆಟ್, ಇಲ್ಲಿನದು ಉಚಿತ, ಆದ್ದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿಡಲಾಗದು ಎಂಬುದು ಸರಿ. ಆದರೂ ಆ ಹುಡುಗಿಯ ನೆನಪು ಕಾಡುತ್ತದೆ.

ಇನ್ನು ಎಕ್ಸ್‌ಪೋಷರ್. ಬೆಂಗಳೂರಿಗೆ ಬಂದ ಮೇಲೆ ಒಂಬತ್ತು ಸಂದರ್ಶನಕ್ಕೆ ಹೋಗಿದ್ದೇನೆ. ಪ್ರಾಗ್ ನೋಡಿದ್ದೀರಾ ಎಂದು ಒಬ್ಬರೂ ಕೇಳಲಿಲ್ಲ. ಯಾವ ಸಾಫ್ಟ್‌ವೇರ್ ಬರುತ್ತದೆ, ನೋಟಿಸ್ ಪಿರಿಯಡ್ ಇದೆಯೇ ಎಂದು ಕೇಳಿದರು. ಟ್ರಿಪ್ಪುಗಳು ಕೆಲಸ ಕೊಡಿಸುತ್ತವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿ ಅಲೆದಾಡಿದ್ದರಿಂದ ನನಗೆ ಸಿಕ್ಕಿದ್ದು ಬೇರೆ. ಯಾರನ್ನೂ ಕೇಳದೆ ನಕ್ಷೆ ನೋಡಿ ಅಪರಿಚಿತ ಊರಿನಲ್ಲಿ ರಾತ್ರಿ ಹತ್ತಕ್ಕೆ ಇಳಿಯುವ ಧೈರ್ಯ ಬಂತು. ಎರಡೂವರೆ ಲಕ್ಷ ಜನರ ಆಖೆನ್‌ನಲ್ಲಿ ಭಾನುವಾರವೂ ಬಸ್ ಹೇಗೆ ಓಡುತ್ತದೆ ಎಂದು ನೋಡಿದ ಮೇಲೆ, ಒಂದೂವರೆ ಕೋಟಿ ಹತ್ತಿರವಿರುವ ನಮ್ಮ ಊರಿನಲ್ಲಿ ಯಾಕೆ ಆಗದು ಎಂದು ಕೇಳುವ ಅಭ್ಯಾಸ ಬಂತು. ಅಮ್ಮನಿಗೂ ಅಂಥದ್ದೇ ಏನೋ ಸಿಕ್ಕಿದೆ. ಈಗ ಊರಿಗೆ ಹೋಗಬೇಕೆಂದರೆ ಅಪ್ಪನ ಪುರುಸೊತ್ತಿಗೆ ಕಾಯುವುದಿಲ್ಲ. ಕಳೆದ ತಿಂಗಳು ಇ.ಎಸ್.ಐ. ಆಸ್ಪತ್ರೆಯಲ್ಲಿ ಎರಡು ಕೌಂಟರಿಗೆ ಓಡಾಡಿ ತಮ್ಮ ಫೈಲನ್ನು ತಾವೇ ಸರಿಮಾಡಿಸಿಕೊಂಡು ಬಂದರು. ಅದಕ್ಕೂ ಬಸ್ಸಿಗೂ ಸಂಬಂಧವಿಲ್ಲ ಎಂದು ಅಪ್ಪನ ವಾದ. ಇದೆ ಎಂದು ನನ್ನದು.

ಈ ಸಲ ಹೊರಡುವವರಿಗೆ ಒಂದೆರಡು ಮಾತು. ಯಾವುದೇ ಷೆಂಗೆನ್ ದೇಶದ ನಿವಾಸ ಪರವಾನಗಿ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ಸುತ್ತಬಹುದು, ಬೇರೆ ವೀಸಾ ಬೇಡ. ಬ್ರಿಟನ್, ಐರ್ಲೆಂಡ್ ಇದರಲ್ಲಿಲ್ಲ. ಗಡಿಯೇ ಇಲ್ಲ ಎಂದುಕೊಂಡು ಪಾಸ್‌ಪೋರ್ಟ್ ರೂಮಿನಲ್ಲಿಟ್ಟು ಹೋಗಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿದೆ. ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ 58 ಯೂರೊ ಆಯಿತು, 2026ರಿಂದ 63. ಮನೆಯವರಿಗೆ ಫೋಟೊ ಕಳಿಸುವಾಗ ಖರ್ಚೆಷ್ಟು ಎಂದೂ ಕಳಿಸಿ. ಸಾಲ ತೀರಿಸುತ್ತಿರುವ ಅಪ್ಪ ಅಮ್ಮ ಫೋಟೊ ನೋಡಿ ಊಹಿಸುವ ಮೊತ್ತ ಯಾವಾಗಲೂ ನಿಜಕ್ಕಿಂತ ಹೆಚ್ಚಿರುತ್ತದೆ.

ಇಲ್ಲೇ ಇರುವವರಿಗೆ ಹೇಳಲು ಸಲಹೆ ಇಲ್ಲ, ಕೇಳಲು ಒಂದು ಬೇಡಿಕೆ ಇದೆ. ಕೆ.ಎಸ್.ಆರ್.ಟಿ.ಸಿ.ಯ ವಿದ್ಯಾರ್ಥಿ ಪಾಸು ಮನೆಯಿಂದ ಕಾಲೇಜಿಗೆ, ಅದೂ 60 ಕಿಲೋಮೀಟರ್ ಮಿತಿಯೊಳಗೆ. ಹುಡುಗರು ಶನಿವಾರ ಬಾದಾಮಿ ನೋಡಬೇಕೆಂದರೆ ಪೂರ್ತಿ ದರ ಕೊಡಬೇಕು. ಪೀಣ್ಯದಲ್ಲಿ ತರಬೇತಿ ಪಡೆಯುವ ಎಷ್ಟೋ ಹುಡುಗರು ಶಿವಗಂಗೆ ಬೆಟ್ಟದಾಚೆಗೆ ಕರ್ನಾಟಕ ನೋಡಿಲ್ಲ. ಅದೇ ಪಾಸು ಶನಿವಾರ, ಭಾನುವಾರ ರಾಜ್ಯದಾದ್ಯಂತ ನಡೆಯುವಂತೆ ಮಾಡಬಹುದು. ಉಚಿತ ಬೇಡ, ವರ್ಷಕ್ಕೆ ಇಂತಿಷ್ಟು ಎಂದು ಹೆಚ್ಚುವರಿ ಕಟ್ಟಿಸಿಕೊಳ್ಳಲಿ. ಸಾಮಾನ್ಯ ಬಸ್ಸಿಗೆ ಮಾತ್ರ, ಸೀಟಿನ ಖಾತ್ರಿ ಇಲ್ಲ ಎಂಬ ಷರತ್ತೂ ಇರಲಿ. ನಮ್ಮ ಅಮ್ಮನ ವಯಸ್ಸಿನವರೇ ಹಾಸನದವರೆಗೆ ನಿಂತು ಹೋಗುತ್ತಾರೆ, ಹತ್ತೊಂಬತ್ತರ ಹುಡುಗರಿಗೇನು ಕಷ್ಟ.